ಅಲ್ಝೈಮರ್ಸ್‌ಗೆ ಔಷಧ ಹುಡುಕುವ ಕೆಲಸಕ್ಕೆ ಮಗಳನ್ನು ಕಳಿಸಬಹುದಾ?

ನಮಸ್ಕಾರ. ನೀವು ಕೇಳಿರೋದು ಇಷ್ಟು. ಮಗಳು ಪಿಯುಸಿ ಮುಗಿಸಿದ್ದಾಳೆ. ಅಜ್ಜಿಯ ಮರೆವಿನ ಕಾಯಿಲೆ ನೋಡಿ, ಅಲ್ಝೈಮರ್ಸ್ ಮೇಲೆ ಸಂಶೋಧನೆ ಮಾಡ್ತೀನಿ ಅಂತ ಹಟ ಹಿಡಿದಿದ್ದಾಳೆ. ನೂರು ವರ್ಷಕ್ಕೂ ಜಾಸ್ತಿ ಹುಡುಕಿದರೂ ಗುಣ ಮಾಡುವ ಔಷಧ ಸಿಕ್ಕಿಲ್ಲ, ಇವಳ ಆಯಸ್ಸೂ ಅದರಲ್ಲೇ ಕಳೆದುಹೋದರೆ ಅನ್ನೋದು ನಿಮ್ಮ ಭಯ. ಜೊತೆಗೆ, ನಿಮ್ಮ ತಾಯಿಗೆ ಅಶ್ವಗಂಧ ಕೊಡಬಹುದಾ ಅಂತಲೂ ಕೇಳಿದ್ದೀರಿ.

ನಾನು ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಇದೇ ಕಾಯಿಲೆಯ ಮೇಲೆ ಕೆಲಸ ಮಾಡುತ್ತೇನೆ. ನಿಮ್ಮ ಎರಡೂ ಪ್ರಶ್ನೆಗೆ ಒಬ್ಬರ ಕೆಲಸ ಇಟ್ಟುಕೊಂಡು ಉತ್ತರ ಹೇಳಬಹುದು. ಅವರು ಮಿದುಳು ವಿಜ್ಞಾನಿ ಪ್ರೊ. ವಿಜಯಲಕ್ಷ್ಮಿ ರವೀಂದ್ರನಾಥ್. ನಾನು ಅವರ ವಿದ್ಯಾರ್ಥಿನಿ ಅಲ್ಲ. ಅವರ ಪೇಪರ್‌ಗಳನ್ನು ಓದಿ ಈ ಕಡೆ ಬಂದವಳು.

ಅವರು ಶುರು ಮಾಡಿದ್ದು ಅರಿಶಿನದಿಂದ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಪಿಎಚ್‌ಡಿ ಮಾಡುವಾಗ ಅರಿಶಿನದ ಕರ್ಕ್ಯುಮಿನ್ ಅಂಶವನ್ನು ಇಲಿಗಳಿಗೆ ಕೊಟ್ಟು, ಅದು ದೇಹದಲ್ಲಿ ಎಲ್ಲೆಲ್ಲಿಗೆ ಹೋಗುತ್ತೆ ಅಂತ ಹುಡುಕಿದರು. ಪೇಪರ್ ಬಂದಿದ್ದು 1980ರಲ್ಲಿ. ಕರುಳಿನಿಂದ ಲಿವರ್‌ಗೆ ಹೋಗುವ ರಕ್ತದಲ್ಲಿ ಕರ್ಕ್ಯುಮಿನ್ ಒಂದು ಚೂರು ಸಿಕ್ಕಿತು. ಹೃದಯದ ರಕ್ತದಲ್ಲಿ ಸಿಗಲೇ ಇಲ್ಲ. ಈಗ ನೆನಪಿನ ಶಕ್ತಿಗೆ ಅಂತ ಅರಿಶಿನದ ಮಾತ್ರೆ ಮಾರುವವರು ಉತ್ತರ ಕೊಡಬೇಕಾದ ಪ್ರಶ್ನೆಯನ್ನು ಅವರು ಆಗಲೇ ಎತ್ತಿದ್ದರು. ಬಾಯಿಗೆ ಹಾಕಿದ ಪದಾರ್ಥ ಮಿದುಳಿನ ತನಕ ಹೋಗುತ್ತಾ? ದಾರಿಯಲ್ಲಿ ಏನಾಗಿಬಿಡುತ್ತೆ?

ಈ ಪ್ರಶ್ನೆಯನ್ನು ಅವರು ಮುಂದೆಯೂ ಬಿಡಲಿಲ್ಲ ಅಂತ ನನಗೆ ಅನ್ನಿಸುತ್ತೆ. ಅಮೆರಿಕದಲ್ಲಿ ಕೆಲಕಾಲ ಇದ್ದು, 1980ರ ದಶಕದಲ್ಲೇ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದರು. ಔಷಧಗಳನ್ನು ಒಡೆಯುವ ಕೆಲಸ ಲಿವರ್‌ದು ಅಂತ ಪಾಠದಲ್ಲಿ ಓದುತ್ತೇವೆ. ಮಿದುಳಲ್ಲೂ ಆ ಕೆಲಸ ನಡೆಯುತ್ತಾ ಅಂತ, ಮರಣೋತ್ತರ ಪರೀಕ್ಷೆಯಲ್ಲಿ ಸಿಕ್ಕ ಮನುಷ್ಯರ ಮಿದುಳಿನಲ್ಲೇ ಅವರ ತಂಡ ನೋಡಿತು. ನಡೆಯುತ್ತೆ ಅಂತ ತೋರಿಸಿತು. ಆತಂಕಕ್ಕೆ ಕೊಡುವ ಆಲ್ಪ್ರಜೋಲಮ್ ಮಾತ್ರೆ ಲಿವರ್‌ನಲ್ಲಿ ಒಂದು ರೀತಿ, ಮಿದುಳಿನಲ್ಲಿ ಇನ್ನೊಂದು ರೀತಿ ಒಡೆಯುತ್ತೆ ಅಂತ ಆಮೇಲೆ ಗೊತ್ತಾಯಿತು. ಕೇಸರಿ ಬೇಳೆಯ ವಿಷ ನರಗಳನ್ನು ಹೇಗೆ ಹಾಳು ಮಾಡುತ್ತೆ ಅನ್ನೋದರ ಮೇಲೂ ಅವರ ಕೆಲಸ ಇದೆ. 1996ರಲ್ಲಿ ವಿಜ್ಞಾನಿಗಳಿಗೆ ಕೊಡುವ ಭಟ್ನಾಗರ್ ಪ್ರಶಸ್ತಿ ಬಂತು.

ನಂತರ ದೆಹಲಿ ಹತ್ತಿರದ ಮಾನೇಸರ್‌ನಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಕಟ್ಟುವ ಹೊಣೆ ಹೊತ್ತರು. ಅದರ ಸ್ಥಾಪಕ ನಿರ್ದೇಶಕಿ ಅವರೇ. 2009ರಲ್ಲಿ ಬೆಂಗಳೂರಿನ ಐಐಎಸ್‌ಸಿಗೆ ಬಂದರು. 2010ರಲ್ಲಿ ಪದ್ಮಶ್ರೀ ಬಂತು.

ಈಗ ಅಶ್ವಗಂಧಕ್ಕೆ ಬರೋಣ. ನಿಮ್ಮ ಕಿವಿಗೆ ಬಿದ್ದಿರೋದು ಬಹುಶಃ ಅವರ ತಂಡದ 2012ರ ಪೇಪರ್ ಸುದ್ದಿಯೇ. ಇದನ್ನು ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ನಿಮ್ಮ ಮಗಳು ಮಾಡಬೇಕು ಅಂತಿರುವ ಕೆಲಸ ಹೇಗಿರುತ್ತೆ ಅಂತ ಇದರಲ್ಲಿ ಕಾಣುತ್ತೆ.

ಅಲ್ಝೈಮರ್ಸ್‌ನಲ್ಲಿ ಅಮೈಲಾಯ್ಡ್ ಅನ್ನೋ ಪ್ರೋಟೀನ್ ಚೂರುಗಳು ಮಿದುಳಲ್ಲಿ ಗಂಟುಗಂಟಾಗಿ ಕೂರುತ್ತವೆ. ಮನುಷ್ಯರ ಜೀನ್ ಹಾಕಿ, ಇದೇ ತೊಂದರೆ ಬರುವಂಥ ಇಲಿಗಳನ್ನು ಬೆಳೆಸುತ್ತಾರೆ. ನಮ್ಮ ಲ್ಯಾಬ್‌ನಲ್ಲೂ ಇವೆ. ಎಂಟು ಕಡೆಗೆ ಎಂಟು ಓಣಿ ಇರುವ ಒಂದು ಪೆಟ್ಟಿಗೆ, ಓಣಿಗಳ ಕೊನೆಯಲ್ಲಿ ತಿಂಡಿ. ಚೆನ್ನಾಗಿರುವ ಇಲಿ ಒಮ್ಮೆ ತಿಂದು ಬಂದ ಓಣಿಗೆ ಮತ್ತೆ ಹೋಗುವುದು ಕಡಿಮೆ. ಕಾಯಿಲೆಯ ಇಲಿ ಖಾಲಿ ಓಣಿಗೇ ಮತ್ತೆ ಮತ್ತೆ ಹೋಗುತ್ತೆ. ಸಾರಿಗೆ ಉಪ್ಪು ಹಾಕಿದ್ದು ಮರೆತು ಇನ್ನೊಮ್ಮೆ ಹಾಕಿದ ಹಾಗೆ. ಆಮೇಲೆ ಅದರ ಮಿದುಳನ್ನು ಹೆಪ್ಪುಗಟ್ಟಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಸಣ್ಣ ಬ್ರಷ್‌ನಿಂದ ಒಂದೊಂದೇ ಪದರ ಎತ್ತಿ ಗಾಜಿನ ಮೇಲೆ ಮಲಗಿಸುತ್ತೇವೆ. ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿಟ್ಟರೆ ಅಮೈಲಾಯ್ಡ್ ಗಂಟುಗಳು ಹಸಿರಾಗಿ ಹೊಳೆಯುತ್ತವೆ. ಅವನ್ನು ಎಣಿಸಬೇಕು. ಯಾವ ಇಲಿಗೆ ಔಷಧ ಕೊಟ್ಟಿದ್ದು ಅಂತ ಎಣಿಸುವವರಿಗೆ ಗೊತ್ತಿರಬಾರದು.

ಅವರ ತಂಡ ಅಶ್ವಗಂಧದ ಬೇರಿನ ಸಾರವನ್ನು ಇಂಥ ವಯಸ್ಸಾದ ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟಿತು. ನಡವಳಿಕೆ ಸುಧಾರಿಸಿತು, ಗಂಟುಗಳು ಕಡಿಮೆಯಾದವು. ನನಗೆ ಇದರ ಮುಂದಿನ ಭಾಗವೇ ಇಷ್ಟ. ಏಳನೇ ದಿನ ನೋಡಿದರೆ ಮಿದುಳಲ್ಲಿ ಅಮೈಲಾಯ್ಡ್ ಇಳಿದಿದೆ, ರಕ್ತದಲ್ಲಿ ಏರಿದೆ. ಅಂದ್ರೆ ಅದು ಹೊರಗೆ ಹರಿದು ಬರುತ್ತಿದೆ. ಅದನ್ನು ಎಳೆಯುತ್ತಿರುವವರು ಯಾರು? ಅಮೈಲಾಯ್ಡನ್ನು ಹಿಡಿದುಕೊಳ್ಳುವ ಎಲ್‌ಆರ್‌ಪಿ ಅನ್ನೋ ಒಂದು ಪ್ರೋಟೀನ್ ಲಿವರ್‌ನಲ್ಲಿ ಜಾಸ್ತಿಯಾಗಿತ್ತು, ಮಿದುಳಿನ ರಕ್ತನಾಳಗಳಲ್ಲಿ ಜಾಸ್ತಿಯಾಗುವುದಕ್ಕೆ ಎಷ್ಟೋ ಮೊದಲೇ. ಅಲ್ಲಿಗೂ ಅವರು ನಿಲ್ಲಿಸಲಿಲ್ಲ. ಲಿವರ್‌ನಲ್ಲಿ ಮಾತ್ರ ಆ ಪ್ರೋಟೀನನ್ನು ತಗ್ಗಿಸಿ ನೋಡಿದರು. ಅಶ್ವಗಂಧದ ಗುಣವೇ ಹೊರಟುಹೋಯಿತು! ಮಿದುಳಿನ ಕಸ ಹೊರಗೆ ಹಾಕುವುದರಲ್ಲಿ ಲಿವರ್‌ಗೂ ಪಾಲಿದೆ ಅಂತ ಹೀಗೆ ಕೈಗೆ ಸಿಕ್ಕಿತು. ಮೈಸೂರಿನ ಅರಿಶಿನದ ಪ್ರಶ್ನೆ ಕೇಳಿದವರಿಗೇ ಇಂಥದ್ದು ಹೊಳೆಯೋಕೆ ಸಾಧ್ಯ ಅನ್ನೋದು ನನ್ನ ನಂಬಿಕೆ.

ಹಾಗಾದರೆ ಔಷಧ ಸಿಕ್ಕಿತಾ? ಇಲ್ಲ. ಇಲಿಗೆ ಒಳ್ಳೆಯದು ಮಾಡಿ ಮನುಷ್ಯರಲ್ಲಿ ಸೋತ ಔಷಧಗಳು ಈ ಕಾಯಿಲೆಯಲ್ಲಿ ರಾಶಿ ಇವೆ. 1999ರಲ್ಲಿ ಇಲಿಗಳ ಮಿದುಳು ಶುಚಿ ಮಾಡಿದ ಒಂದು ಲಸಿಕೆಯನ್ನು ಜನರಿಗೆ ಕೊಟ್ಟಾಗ ಕೆಲವರಿಗೆ ಮಿದುಳಿನ ಉರಿಯೂತ ಬಂತು. 2002ರಲ್ಲಿ ಪ್ರಯೋಗ ನಿಲ್ಲಿಸಬೇಕಾಯಿತು. ಆದರೆ ದಾರಿ ಅಲ್ಲಿಗೇ ನಿಲ್ಲಲಿಲ್ಲ. ಸ್ವೀಡನ್‌ನಲ್ಲಿ ಲಾರ್ಸ್ ಲಾನ್‌ಫೆಲ್ಟ್ ಅವರ ತಂಡ 2001ರಲ್ಲಿ ಒಂದು ಕುಟುಂಬದ ಜೀನ್‌ನಲ್ಲಿ ಸಣ್ಣ ಬದಲಾವಣೆ ಕಂಡುಹಿಡಿಯಿತು. ಆ ಎಳೆ ಹಿಡಿದು ಹೋಗಿ ಬಂದ, ಅಮೈಲಾಯ್ಡ್ ತೆಗೆಯುವ ಔಷಧವೇ ಲೆಕಾನೆಮ್ಯಾಬ್. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಸಿಕ್ಕಿತು. ಆರಂಭದ ಹಂತದಲ್ಲಿರುವವರಲ್ಲಿ, 18 ತಿಂಗಳಲ್ಲಿ ಕಾಯಿಲೆ ಮುಂದುವರಿಯುವ ವೇಗವನ್ನು ಸುಮಾರು 27 ಶೇಕಡಾ ತಗ್ಗಿಸಿತು. ಹೋದ ನೆನಪು ವಾಪಸ್ ಬರಲ್ಲ, ಮಿದುಳಿನಲ್ಲಿ ಊತ, ರಕ್ತಸ್ರಾವದ ಅಪಾಯವೂ ಇದೆ. ಆದರೂ ನಮ್ಮಂಥವರಿಗೆ ಅದು ದೊಡ್ಡ ದಿನ.

ಪ್ರೊ. ವಿಜಯಲಕ್ಷ್ಮಿ ಅವರ ಕೆಲಸದ ಇನ್ನೊಂದು ಘಟ್ಟ ನಮ್ಮ ಕೋಲಾರ ಜಿಲ್ಲೆಯಲ್ಲಿದೆ. ಇನ್ಫೋಸಿಸ್ ಕಟ್ಟಿದವರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಅವರ ದೇಣಿಗೆಯಿಂದ ಐಐಎಸ್‌ಸಿ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿಂದ ಮಾವಿನ ಊರು ಶ್ರೀನಿವಾಸಪುರದ ಹಳ್ಳಿಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಯುತ್ತಿದೆ. 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ. ರಕ್ತ, ಜೀನ್, ಸ್ಕ್ಯಾನ್, ನೆನಪಿನ ಪರೀಕ್ಷೆ ಎಲ್ಲ ಇದೆ. ಈ ಕಾಯಿಲೆಯ ಬಗ್ಗೆ ಜಗತ್ತಿಗೆ ಗೊತ್ತಿರುವುದರಲ್ಲಿ ಜಾಸ್ತಿ ಪಾಲು ಬಂದಿರೋದು ಪಶ್ಚಿಮದ, ಓದು ಬಲ್ಲ ಜನರಿಂದ. ಅಲ್ಲಿನ ಪ್ರಸಿದ್ಧ ಪರೀಕ್ಷೆಯಲ್ಲಿ ಒಂದು ವಾಕ್ಯ ಬರೆಯಿರಿ, ಐದು ಮೂಲೆಯ ಚಿತ್ರ ನೋಡಿ ಬಿಡಿಸಿ ಅಂತ ಕೇಳ್ತಾರೆ. ಜೀವನದಲ್ಲಿ ಪೆನ್ನು ಹಿಡಿಯದ ಅಜ್ಜಿಗೆ ಅದು ಬರದಿದ್ದರೆ ಮರೆವು ಅಂತ ಬರೆದುಕೊಳ್ಳೋಕಾಗುತ್ತಾ? ಹಾಗಾಗಿ ಪರೀಕ್ಷೆಯನ್ನೇ ಕನ್ನಡಕ್ಕೆ, ಇಲ್ಲಿನ ಬದುಕಿಗೆ ಒಗ್ಗಿಸಬೇಕಾಯಿತು. ಅರವತ್ತಕ್ಕೆ ಅರಳು ಮರಳು ಅಂತ ಸುಮ್ನೆ ಬಿಟ್ಟುಬಿಡುವ ಮನೆಗಳಲ್ಲಿ ಕಾಯಿಲೆ ಯಾವಾಗ ಶುರುವಾಯಿತು ಅಂತ ತಿಳಿಯೋದು ಹೀಗೇ.

ಅದಕ್ಕೇ ನಿಮ್ಮ ಭಯಕ್ಕೆ ನನ್ನ ಉತ್ತರ: ಕಳಿಸಿ. ಈ ಕೆಲಸದಲ್ಲಿ ಗುಣ ಮಾಡುವ ಔಷಧ ಒಂದೇ ಫಲ ಅಲ್ಲ. ದಾರಿಯಲ್ಲಿ ಸಿಗುವ ಒಂದೊಂದು ಉತ್ತರವೂ ಉಳಿಯುತ್ತೆ, ಮುಂದಿನವರು ಅದರ ಮೇಲೆ ನಿಲ್ಲುತ್ತಾರೆ. ಆದರೆ ದುಡ್ಡಿನ ವಿಷಯ ಈಗಲೇ ಮಾತಾಡಿಕೊಳ್ಳಿ. ಡಿಗ್ರಿ, ಎಂಎಸ್ಸಿ, ಆಮೇಲೆ ಪಿಎಚ್‌ಡಿಗೆ ಐದಾರು ವರ್ಷ. ಜೆಆರ್‌ಎಫ್ ಅನ್ನೋ ಸಂಶೋಧನಾ ವೇತನ ಸಿಕ್ಕರೆ ಈಗ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಅದರ ನಂತರವೂ ಖಾಯಂ ಕೆಲಸ ತಡವಾಗಿ ಸಿಗುತ್ತೆ. ಅವಳ ಜೊತೆಯವರು ಕಾರು ಕೊಳ್ಳುವಾಗ ಇವಳು ಹಾಸ್ಟೆಲ್‌ನಲ್ಲಿರುತ್ತಾಳೆ. ಮನೆಯವರು ಆಗ ಚುಚ್ಚಿ ಮಾತಾಡಬಾರದು. ಐಐಎಸ್‌ಸಿ ಅಥವಾ ಕೇಂದ್ರ ಸರ್ಕಾರದ ವಿಜ್ಞಾನ ಕಾಲೇಜುಗಳಾದ ಐಸರ್‌ಗಳಲ್ಲಿ ಡಿಗ್ರಿಗೆ ಪ್ರಯತ್ನಿಸಲಿ. ಬಯಾಲಜಿ ಜೊತೆಗೆ ಅಂಕಿಅಂಶ ಶಾಸ್ತ್ರ ಮತ್ತು ಪ್ರೋಗ್ರಾಮಿಂಗ್ ಕಲಿಯಲಿ, ಇವೆರಡು ಬರದಿದ್ದರೆ ಈಗ ತುಂಬ ಕಷ್ಟ.

ನಿಮ್ಮ ತಾಯಿಗೆ ಅಶ್ವಗಂಧವನ್ನು ನೀವಾಗಿಯೇ ಶುರು ಮಾಡಬೇಡಿ. ಇಲಿಗಳಿಗೆ ಕೊಟ್ಟಿದ್ದು ಲ್ಯಾಬ್‌ನಲ್ಲಿ ತಯಾರಿಸಿದ ಸಾರ, ಅಂಗಡಿಯ ಡಬ್ಬಿ ಅಲ್ಲ. ಅಶ್ವಗಂಧದ ಮಾತ್ರೆಗಳಿಂದ ಲಿವರ್‌ಗೆ ತೊಂದರೆಯಾದ ವರದಿಗಳೂ ಇವೆ, ಥೈರಾಯ್ಡ್ ಮಾತ್ರೆ ತಗೊಳ್ಳುವವರಿಗೆ ಇನ್ನೂ ಎಚ್ಚರ ಬೇಕು. ಮೊದಲು ನರರೋಗ ತಜ್ಞರಿಗೆ ತೋರಿಸಿ. ಬಿ12, ಥೈರಾಯ್ಡ್ ರಕ್ತ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಇವು ಕಡಿಮೆಯಾದರೂ ಮರೆವು ಬರುತ್ತೆ, ಅದಕ್ಕೆ ಚಿಕಿತ್ಸೆ ಇದೆ. ಕಿವಿ ಕೇಳುತ್ತಾ ಅಂತಲೂ ಪರೀಕ್ಷೆ ಮಾಡಿಸಿ. ಕೇಳಿಸದೇ ಉತ್ತರ ಕೊಡದಿದ್ದರೂ ಮನೆಯವರಿಗೆ ಮರೆವಿನ ಥರಾನೇ ಕಾಣುತ್ತೆ. ಡಾಕ್ಟರ್ ಹತ್ತಿರ ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ.