ಸಹಿ ಹಾಕಿದವರು ಎಲ್ಲಿ ಹೋದರು?

ಪ್ರಿಯರೇ,

ಸಂಡೂರಿನಿಂದ ನೀವು ಕಳಿಸಿದ ‘ಕೆಸರು ನುಂಗಿದ ಊರು’ ಲೇಖನ ತಲುಪಿದೆ. 2019ರ ಜನವರಿ 25ರಂದು ಬ್ರೆಜಿಲ್‌ನ ಬ್ರುಮಾಡಿನ್ಯೋದಲ್ಲಿ ಒಡೆದ ಗಣಿ ಕೆಸರಿನ ಅಣೆಕಟ್ಟಿನ ಬಗ್ಗೆ ಬರೆದಿದ್ದೀರಿ. ಒಳ್ಳೆಯ ವಿಷಯ. ಭಾಷೆ ಓದಿಸಿಕೊಂಡು ಹೋಗುತ್ತದೆ. ಕಾಗುಣಿತದ ತಪ್ಪು ಒಂದೂ ಕಾಣಲಿಲ್ಲ.

ಆದರೆ ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಸಾಮಾನ್ಯವಾಗಿ ಎರಡು ಸಾಲಿನ ಉತ್ತರ ಬರೆದು ಮುಗಿಸುತ್ತೇನೆ. ನಿಮಗೆ ಉದ್ದದ ಪತ್ರ ಬರೆಯುತ್ತಿದ್ದೇನೆ, ಯಾಕೆಂದರೆ ನಿಮ್ಮ ಲೇಖನ ಓದಿ ನನಗೆ ಸಿಟ್ಟು ಬಂತು. ಏನೂ ಬರೆಯಲು ಬಾರದವರು ಹೀಗೆ ಬರೆದಿದ್ದರೆ ಸುಮ್ಮನೆ ಬಿಡುತ್ತಿದ್ದೆ. ನಿಮಗೆ ಬರೆಯಲು ಬರುತ್ತದೆ.

ಮೊದಲ ವಾಕ್ಯವನ್ನೇ ನೋಡಿ. “ಆ ಮಧ್ಯಾಹ್ನ ಭೂತಾಯಿ ಮುನಿದಳು.”

ಭೂತಾಯಿ ಮುನಿಯಲಿಲ್ಲ. ಆ ಅಣೆಕಟ್ಟನ್ನು ಜನ ಕಟ್ಟಿದ್ದು. 1976ರಲ್ಲಿ ಒಂದು ಕಂಪನಿ ಶುರು ಮಾಡಿತು. 2001ರಲ್ಲಿ ಆ ಗಣಿ ವಾಲೆ ಎಂಬ ದೊಡ್ಡ ಕಂಪನಿಯ ಕೈಗೆ ಬಂತು. 2013ರವರೆಗೆ ಹಂತ ಹಂತವಾಗಿ ಎತ್ತರಿಸಿದರು. ಕೊನೆಗೆ ಅದು 86 ಮೀಟರ್ ಎತ್ತರವಾಯಿತು. ಪ್ರತಿ ಹಂತಕ್ಕೂ ಯಾರೋ ನಕ್ಷೆ ಬರೆದರು, ಯಾರೋ ಒಪ್ಪಿಗೆ ಕೊಟ್ಟರು, ಯಾರೋ ಹಣ ಬಿಡುಗಡೆ ಮಾಡಿದರು. ನಿಮ್ಮ ಮೊದಲ ವಾಕ್ಯ ಇವರನ್ನೆಲ್ಲ ಒಂದೇ ಏಟಿಗೆ ಮನೆಗೆ ಕಳಿಸಿಬಿಟ್ಟಿತು.

ಮುಂದೆ ಎರಡನೇ ಪುಟದಲ್ಲಿ ಹೀಗಿದೆ: “ಸತತ ಮಳೆಯ ಭಾರ ತಾಳಲಾರದೆ ಅಣೆಕಟ್ಟು ಕುಸಿಯಿತು.”

ಇದು ಪೂರ್ತಿ ಸುಳ್ಳಲ್ಲ. ಅದಕ್ಕೇ ಜಾಸ್ತಿ ಅಪಾಯ. ಕಂಪನಿಯ ಪರವಾಗಿ ನೇಮಕವಾದ ನಾಲ್ವರು ತಜ್ಞರು ಆ ವರ್ಷದ ಡಿಸೆಂಬರ್‌ನಲ್ಲಿ ವರದಿ ಕೊಟ್ಟರು. ಅದರಲ್ಲಿ ಮಳೆಯ ಮಾತಿದೆ. ಆದರೆ ಮಳೆಗಿಂತ ಮೊದಲು ಇನ್ನೂ ಏನೇನಿದೆ ನೋಡಿ. ಕಟ್ಟೆಯ ಇಳಿಜಾರು ತೀರಾ ಕಡಿದಾಗಿತ್ತು. ಒಳಗಿನ ನೀರು ಹರಿದು ಹೋಗಲು ಸರಿಯಾದ ದಾರಿ ಇರಲಿಲ್ಲ. ನಡುವೆ ಒಂದು ಹಂತದಲ್ಲಿ ಕಟ್ಟೆಯನ್ನು ಹಿಂದಕ್ಕೆ ಸರಿಸಿ ಕಟ್ಟಿದ್ದರಿಂದ ಮೇಲಿನ ಭಾಗ ಸಣ್ಣ ಕಣಗಳ, ಬಲವಿಲ್ಲದ ಕೆಸರಿನ ಮೇಲೆ ಕೂತಿತ್ತು. ಒಳಗೆ ನೀರು ತುಂಬಿಕೊಂಡಿತ್ತು. ಹೊರಗೆ ಗಟ್ಟಿಯಾಗಿ ಕಾಣುತ್ತಿದ್ದ ಕೆಸರು ಒಮ್ಮೆಲೇ ಬಲ ಕಳೆದುಕೊಂಡು ದ್ರವದ ಹಾಗೆ ಹರಿಯಿತು. ಕಟ್ಟೆಯ ಮೈ ಕುಸಿಯಲು ಹತ್ತು ಸೆಕೆಂಡು ಕೂಡ ಬೇಕಾಗಲಿಲ್ಲ. ಐದು ನಿಮಿಷದೊಳಗೆ 97 ಲಕ್ಷ ಘನ ಮೀಟರ್ ಕೆಸರು ಹೊರಗೆ ಬಂದಿತ್ತು. ಅಲ್ಲಿ ಪ್ರತಿ ವರ್ಷವೂ ಮಳೆ ಬರುತ್ತದೆ. ಮಳೆ ಬರುವ ಜಾಗದಲ್ಲಿ ನೀರು ಹೋಗದ ಹಾಗೆ ಕಟ್ಟಿದ್ದು ಯಾರು? ನಿಮ್ಮ ವಾಕ್ಯಕ್ಕೆ ಆ ಪ್ರಶ್ನೆ ಹೊಳೆಯಲೇ ಇಲ್ಲ.

ಟೈಲಿಂಗ್ಸ್ ಅಂದರೇನು ಅಂತ ನೀವು ಅರ್ಧ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ಅದಿರನ್ನು ಪುಡಿ ಮಾಡಿ, ತೊಳೆದು, ಕಬ್ಬಿಣ ತೆಗೆದ ಮೇಲೆ ಉಳಿಯುವ ನೀರು ಬೆರೆತ ಕೆಸರು ಅಂತ ಸರಿಯಾಗಿಯೇ ಬರೆದಿದ್ದೀರಿ. ಆದರೆ ಕಟ್ಟುವ ಬಗೆ ಹೇಳಲಿಲ್ಲ. ಇಲ್ಲಿ ಅದೇ ಮುಖ್ಯ. ಮೊದಲು ಒಂದು ಸಣ್ಣ ಕಟ್ಟೆ ಹಾಕುತ್ತಾರೆ. ಅದರ ಹಿಂದೆ ಕೆಸರು ಬಿಡುತ್ತಾರೆ. ಅದು ತುಂಬಿದ ಮೇಲೆ, ಒಣಗಿದ ಆ ಕೆಸರಿನ ಮೇಲೇ ಮುಂದಿನ ಕಟ್ಟೆ ಕಟ್ಟುತ್ತಾರೆ. ಹೀಗೆ ಪ್ರತಿ ಹಂತವೂ ಒಳಮುಖವಾಗಿ, ಕೆಸರಿನ ಮೇಲೇರುತ್ತಾ ಹೋಗುತ್ತದೆ. ಇದಕ್ಕೆ ಮಣ್ಣು ಕಡಿಮೆ ಸಾಕು, ಖರ್ಚೂ ಕಡಿಮೆ. ಚಿಲಿ ದೇಶದಲ್ಲಿ 1965ರ ಭೂಕಂಪಕ್ಕೆ ಎಲ್ ಕೋಬ್ರೆಯ ಕಟ್ಟೆಗಳು ಒಡೆದು 200ಕ್ಕೂ ಜಾಸ್ತಿ ಜನ ಸತ್ತರು. 1970ರಲ್ಲಿ ಆ ದೇಶ ಈ ಪದ್ಧತಿಯನ್ನೇ ನಿಷೇಧಿಸಿತು. ಬ್ರೆಜಿಲ್ ನಿಷೇಧಿಸಿದ್ದು 2019ರಲ್ಲಿ, ಬ್ರುಮಾಡಿನ್ಯೋ ಆದ ಮೇಲೆ. ಆ ನಡುವಿನ ಸುಮಾರು 50 ವರ್ಷ ನಿಮ್ಮ ಲೇಖನದಲ್ಲಿ ಎಲ್ಲಿದೆ?

ಈಗ ನನ್ನನ್ನು ಕೆರಳಿಸಿದ ವಾಕ್ಯಕ್ಕೆ ಬರುತ್ತೇನೆ. “ತಜ್ಞರ ತಪಾಸಣೆಯೂ ನಡೆದಿತ್ತು, ಆದರೂ ವಿಧಿ ಬಿಡಲಿಲ್ಲ.”

ಇದನ್ನು ಬರೆದು ನೀವು ಮುಂದೆ ಹೋಗಿಬಿಟ್ಟಿರಿ. ಇಡೀ ಲೇಖನ ಇರಬೇಕಾದದ್ದು ಈ ಒಂದು ಸಾಲಿನೊಳಗೆ.

‘ತಜ್ಞರ’ ಅಂದಿರಿ. ಯಾವ ತಜ್ಞರು? ಜರ್ಮನಿಯ ಟಿಯುವಿ ಸೂಡ್ ಸಂಸ್ಥೆಯ ಬ್ರೆಜಿಲ್ ಶಾಖೆಯವರು. ‘ನಡೆದಿತ್ತು’ ಅಂದಿರಿ. ಯಾವಾಗ? ಅಣೆಕಟ್ಟು ಸ್ಥಿರವಾಗಿದೆ ಎಂಬ ಪ್ರಮಾಣಪತ್ರಕ್ಕೆ ಅವರು ಸಹಿ ಹಾಕಿದ್ದು 2018ರಲ್ಲಿ, ಕೊನೆಯದು ಸೆಪ್ಟೆಂಬರ್‌ನಲ್ಲಿ. ಆಮೇಲೆ ನಾಲ್ಕೇ ತಿಂಗಳು. ಅವರ ಲೆಕ್ಕದಲ್ಲೇ ಒಂದು ಅಂಕಿ ಇತ್ತು, ಸುರಕ್ಷತಾ ಅಂಶ 1.09. ಈ ಅಂಕಿ 1ಕ್ಕೆ ಬಂತು ಅಂದರೆ ಕಟ್ಟೆಯ ಬಲವೂ ಅದರ ಮೇಲಿನ ಹೊರೆಯೂ ಸರಿಸಮ, ಇನ್ನು ಚೂರು ಹೆಚ್ಚಾದರೂ ಕುಸಿತ. ಇರಬೇಕು ಅಂತ ತಜ್ಞರು ಸಾಮಾನ್ಯವಾಗಿ ಹೇಳುವುದು 1.3. ಹಾಗಿದ್ದೂ ಕಾಗದದ ಮೇಲೆ ‘ಸ್ಥಿರ’ ಅಂತ ಬಂತು. ಅದಕ್ಕೆ ಮೊದಲು ಇನ್ನೊಂದು ಸಂಸ್ಥೆ ಸಹಿ ಹಾಕಲು ಒಪ್ಪದಿದ್ದಾಗ ವಾಲೆಯವರು ಅದನ್ನು ಬದಲಾಯಿಸಿದರು ಎಂದು ಅಲ್ಲಿನ ಪ್ರಾಸಿಕ್ಯೂಟರ್‌ಗಳು ಹೇಳುತ್ತಾರೆ. 2020ರ ಜನವರಿಯಲ್ಲಿ ವಾಲೆ, ಟಿಯುವಿ ಸೂಡ್ ಎರಡೂ ಕಂಪನಿಗಳ ಒಟ್ಟು 16 ಜನರ ಮೇಲೆ ಕೊಲೆ ಆರೋಪ ಹೊರಿಸಿದರು. ಕಂಪನಿಗಳು ಇದನ್ನು ಒಪ್ಪಿಲ್ಲ. ಹಾಗಾಗಿ ಆರೋಪ ಅಂತಲೇ ಬರೆಯಿರಿ. ಆದರೆ ಬರೆಯಿರಿ.

ಇನ್ನೂ ಒಂದಿದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಈ ತಪಾಸಣೆಗೆ ದುಡ್ಡು ಕೊಟ್ಟವರು ಯಾರು? ಅಣೆಕಟ್ಟಿನ ಮಾಲೀಕರು. ಖಾಸಗಿ ಕಂಪನಿ ತನ್ನ ಕಟ್ಟೆಗೆ ತಾನೇ ತಪಾಸಕರನ್ನು ನೇಮಿಸುತ್ತದೆ, ತಾನೇ ಫೀಸು ಕೊಡುತ್ತದೆ, ಮುಂದಿನ ಗುತ್ತಿಗೆಯನ್ನೂ ತಾನೇ ಕೊಡುತ್ತದೆ. ಸರ್ಕಾರದ ಗಣಿ ಸಂಸ್ಥೆ ಆ ಪತ್ರವನ್ನು ತೆಗೆದುಕೊಂಡು ಕಡತಕ್ಕೆ ಸೇರಿಸುತ್ತದೆ. ಆ ಸಂಸ್ಥೆಯಲ್ಲಿ ನೂರಾರು ಅಣೆಕಟ್ಟುಗಳನ್ನು ಹೋಗಿ ನೋಡುವಷ್ಟು ಜನ ಇರಲಿಲ್ಲ. ‘ಇಲ್ಲ’ ಅಂದರೆ ಕೆಲಸ ಕಳೆದುಕೊಳ್ಳುವ ತಪಾಸಕ, ಕಾಗದ ಬಂದರೆ ಸಾಕು ಅನ್ನುವ ಇಲಾಖೆ, ಇವರಿಬ್ಬರ ಕೆಳಗಡೆ ಊಟಕ್ಕೆ ಕೂತ ಕಾರ್ಮಿಕರು. ಇದನ್ನು ‘ವಿಧಿ’ ಅಂತ ಕರೆಯಬೇಡಿ. ದಯವಿಟ್ಟು.

ನಾನು ಕೆಲಸ ಕಲಿತದ್ದು ಒಂದು ಸಣ್ಣ ಜಿಲ್ಲಾ ಪತ್ರಿಕೆಯಲ್ಲಿ. ಆ ವರ್ಷ ಮಳೆಗಾಲದಲ್ಲಿ ಹತ್ತಿರದ ಹಳ್ಳಿಯ ಕೆರೆ ಏರಿ ಒಡೆದು ಗದ್ದೆಗಳು ಹೂತು ಹೋಗಿದ್ದವು. ನಮ್ಮ ಹಿರಿಯ ವರದಿಗಾರರು ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟರು. ಏರಿ ನೋಡಲು ಹೋಗುತ್ತೇವೆ ಅಂದುಕೊಂಡಿದ್ದೆ. ಅವರು ಮೊದಲು ಹೋದದ್ದು ನೀರಾವರಿ ಕಚೇರಿಗೆ. “ಹೋದ ಬೇಸಿಗೆಯಲ್ಲಿ ಏರಿ ದುರಸ್ತಿ ಆಗಿದೆ ಅಂತ ಬಿಲ್ ಆಗಿದೆಯಲ್ಲ, ಅಳತೆ ಪುಸ್ತಕ ತೋರಿಸಿ” ಅಂದರು. ಗುಮಾಸ್ತರು ಸಾಹೇಬರಿಲ್ಲ ಅಂದರು. ಇವರು ಬೆಂಚಿನ ಮೇಲೆ ಕೂತರು. ಮಧ್ಯಾಹ್ನವಾಯಿತು, ಸಂಜೆಯಾಯಿತು, ಏಳಲಿಲ್ಲ. ಕೊನೆಗೆ ಪುಸ್ತಕ ಬಂತು. ಅವರು ಪುಟ ತಿರುವಿ ಒಂದು ಸಹಿಯ ಮೇಲೆ ಬೆರಳಿಟ್ಟು ನನಗೆ ತೋರಿಸಿದರು, ಏನೂ ಹೇಳಲಿಲ್ಲ. ಆಮೇಲೆ ಕೆರೆಗೆ ಹೋದೆವು. ತೂಬಿನ ಪಕ್ಕದಲ್ಲಿ ಹೊಸ ಮಣ್ಣಿನ ಗುರುತೇ ಇರಲಿಲ್ಲ. ಮಾರನೆಯ ದಿನದ ವರದಿಯಲ್ಲಿ ಮಳೆಯ ಮಾತು ಕೊನೆಯ ಪ್ಯಾರಾಕ್ಕೆ ಹೋಗಿತ್ತು. ಅವತ್ತಿನಿಂದ ‘ಏರಿ ಒಡೆಯಿತು’ ಅಂತ ಯಾರು ಬರೆದುಕೊಟ್ಟರೂ ನನ್ನ ಕಣ್ಣು ಆ ಪುಸ್ತಕವನ್ನು ಹುಡುಕುತ್ತದೆ. ಅವರು ಈಗಿಲ್ಲ. ಇದ್ದಿದ್ದರೆ ನಿಮ್ಮ ಲೇಖನವನ್ನು ಅವರಿಗೆ ತೋರಿಸಿ ಎದುರು ಕೂರುತ್ತಿದ್ದೆ. ನನಗಿಂತ ಕಡಿಮೆ ಮಾತಿನಲ್ಲಿ ಹೇಳುತ್ತಿದ್ದರು.

ಇನ್ನೊಂದು ತಪ್ಪು, ಕ್ಯಾಂಟೀನಿನ ದೃಶ್ಯ. “ಮಗಳ ಮುಖ ನೆನೆಯುತ್ತಾ ಆಕೆ ತಟ್ಟೆ ತೊಳೆಯುತ್ತಿದ್ದಳು. ಸಾವು ತನ್ನತ್ತ ಬರುತ್ತಿದೆ ಎಂದು ಅವಳಿಗೆ ಹೇಗೆ ತಿಳಿಯಬೇಕು?” ಹೀಗೆ ಒಂದೂವರೆ ಪುಟ. ಆಕೆ ಯಾರು? ನಿಮಗೆ ಗೊತ್ತಿಲ್ಲ. ಆಕೆ ಏನು ನೆನೆದಳು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ ನಿಜವಾಗಿ ಸತ್ತ ಜನ ಇದ್ದಾರೆ, ಅವರ ಮನೆಯವರು ಇದ್ದಾರೆ. ಅವರ ತಲೆಯೊಳಗೆ ಹೊಕ್ಕು ನಾವು ಯೋಚನೆ ತುಂಬುವುದು ನನಗೆ ಒಂಚೂರೂ ಇಷ್ಟವಿಲ್ಲ. ಅಳು ತರಿಸಲು ಅದು ಬೇಕಾಗಿಯೂ ಇಲ್ಲ. ಗೊತ್ತಿರುವುದನ್ನು ನೇರವಾಗಿ ಹೇಳಿ. ಕಟ್ಟೆ ಒಡೆದದ್ದು 12 ಗಂಟೆ 28 ನಿಮಿಷಕ್ಕೆ, ಊಟದ ಹೊತ್ತು. ಕಂಪನಿಯ ಕಚೇರಿ, ಕ್ಯಾಂಟೀನು ಎರಡೂ ಕಟ್ಟೆಯ ಕೆಳಗಡೆಯೇ ಇದ್ದವು. ಒಡೆದರೆ ಕೆಸರು ಅಲ್ಲಿಗೆ ಬರುತ್ತದೆ ಎಂದು ಕಂಪನಿಯ ತುರ್ತು ಯೋಜನೆಯಲ್ಲೇ ಇತ್ತು. ಸೈರನ್ ಕೂಗಲಿಲ್ಲ. ಸರ್ಕಾರದ ಲೆಕ್ಕಕ್ಕೆ 270 ಜನ ಸತ್ತರು. ಮನೆಯವರು 272 ಅನ್ನುತ್ತಾರೆ, ಯಾಕೆಂದರೆ ಸತ್ತವರಲ್ಲಿ ಇಬ್ಬರು ಬಸುರಿಯರಿದ್ದರು. ಶವಗಳಿಗಾಗಿ ಅಗ್ನಿಶಾಮಕ ದಳದವರು ವರ್ಷಗಟ್ಟಲೆ ಕೆಸರು ಅಗೆದರು. ಈ ಸಾಲುಗಳನ್ನು ಬರೆಯುವಾಗ ನನಗೇ ಗಂಟಲು ಕಟ್ಟುತ್ತದೆ. ಇದರ ಮೇಲೆ ತಟ್ಟೆ ತೊಳೆಯುವ ಕಲ್ಪನೆ ಯಾಕೆ?

ಉಳಿದ ಭಾಗಗಳ ಬಗ್ಗೆ ನಾನು ಹೇಳುವುದೇನಿಲ್ಲ. ನದಿಯ ಬಗ್ಗೆ ಬರೆದದ್ದು ಹಾಗೇ ಇರಲಿ.

ತಿದ್ದುವಾಗ 2015ರಲ್ಲಿ ಬ್ರೆಜಿಲ್‌ನ ಮಾರಿಯಾನಾದಲ್ಲಿ ಆದ ದುರಂತವನ್ನು ಬಿಡಬೇಡಿ. ಅದೇ ರಾಜ್ಯ. ಒಡೆದ ಫುಂಡಾವ್ ಕಟ್ಟೆ ಸಮಾರ್ಕೊ ಕಂಪನಿಯದು. ಅದರ ಒಡೆತನದಲ್ಲಿ ವಾಲೆಯದೂ ಪಾಲು, ಇನ್ನೊಂದು ಪಾಲು ಬಿಎಚ್‌ಪಿ ಎಂಬ ಗಣಿ ಕಂಪನಿಯದು. 19 ಜನ ಸತ್ತರು, ಕೆಸರು ಡೋಸೆ ನದಿಯಲ್ಲಿ ಹರಿದು ಸಮುದ್ರ ಸೇರಿತು. ಮೂರು ವರ್ಷ ಕಳೆದು ಮತ್ತೆ ಅದೇ ಕಥೆ. ಅಣೆಕಟ್ಟುಗಳ ಸುರಕ್ಷತೆಯ ಬಗ್ಗೆ ವಾಲೆ ಹೂಡಿಕೆದಾರರಿಗೆ ತಪ್ಪು ಮಾಹಿತಿ ಕೊಟ್ಟಿತೆಂದು ಅಮೆರಿಕದ ಷೇರುಪೇಟೆ ನಿಯಂತ್ರಕರು 2022ರಲ್ಲಿ ಅದರ ಮೇಲೆ ಮೊಕದ್ದಮೆ ಹೂಡಿದ್ದನ್ನೂ ಸೇರಿಸಿ. ಮರುವರ್ಷ 5.59 ಕೋಟಿ ಡಾಲರ್‌ಗೆ ಅದು ಇತ್ಯರ್ಥವಾಯಿತು. ಗಣಿ ಕೆಸರಿನ ಅಣೆಕಟ್ಟುಗಳಿಗೆ 2020ರ ಆಗಸ್ಟ್‌ನಲ್ಲಿ ಬಂದ ಜಾಗತಿಕ ಮಾನದಂಡದ ಬಗ್ಗೆ ಎರಡು ಸಾಲು ಸಾಕು. ಅದು ಕಾನೂನಲ್ಲ, ಕಂಪನಿಗಳು ತಾವಾಗಿ ಒಪ್ಪಿ ಪಾಲಿಸಬೇಕಾದದ್ದು ಅಂತ ಮಾತ್ರ ಮರೆಯದೆ ಹೇಳಿ.

ಕೊನೆಯಲ್ಲಿ “ಖಾಸಗಿಯವರ ಕೈಗೆ ಕೊಟ್ಟಿದ್ದೇ ತಪ್ಪು” ಅಂತ ತೀರ್ಪು ಕೊಟ್ಟಿದ್ದೀರಿ. ಅಷ್ಟು ಸುಲಭವಲ್ಲ. ನಮ್ಮ ಕುದುರೆಮುಖದ ಲಖ್ಯಾ ಅಣೆಕಟ್ಟು ಸರ್ಕಾರಿ ಕಂಪನಿಯದು. ಗಣಿಗಾರಿಕೆ 2005ರ ಕೊನೆಗೆ ನಿಂತರೂ ಕೆಸರು ಅದರ ಹಿಂದೆ ಹಾಗೇ ಕೂತಿದೆ. ಮಾಲೀಕರು ಯಾರೇ ಆಗಲಿ, ನೋಡುವವರಿಗೆ ಸಂಬಳ ಯಾರಿಂದ, ‘ಇಲ್ಲ’ ಅಂದವರನ್ನು ತೆಗೆಯುವ ಅಧಿಕಾರ ಯಾರಿಗೆ ಅಂತ ಕೇಳಿ. ಖಾಸಗಿ ಕಟ್ಟೆಯಲ್ಲಿ ಎರಡಕ್ಕೂ ಉತ್ತರ ಒಂದೇ ಆಗಿಬಿಡುತ್ತದೆ. ಸಮಸ್ಯೆ ಇರುವುದು ಅಲ್ಲಿ. ಗಣಿ ಸೀಮೆಯಲ್ಲಿ ಹುಟ್ಟಿ ಬೆಳೆದ ನಿಮಗೆ ಇದನ್ನು ನಾನು ಜಾಸ್ತಿ ವಿವರಿಸಬೇಕಿಲ್ಲ, ಅಲ್ವಾ?

ಮುಂದಿನ ತಿಂಗಳ ಸಂಚಿಕೆಗೆ ಜಾಗ ಹಿಡಿದಿಡುತ್ತೇನೆ. ಭೂತಾಯಿಯನ್ನೂ ವಿಧಿಯನ್ನೂ ಬಿಟ್ಟು, ಆ ಪ್ರಮಾಣಪತ್ರದಿಂದ ಶುರು ಮಾಡಿ. ಕೆಸರಿನ ಮೇಲೆ ಕಟ್ಟೆ ಏರುವ ಬಗೆಗೆ ಒಂದು ಚಿತ್ರ ಬೇಕು. ಪೆನ್ಸಿಲ್‌ನಲ್ಲಿ ಬಿಡಿಸಿ ಕಳಿಸಿದರೂ ಆಗುತ್ತದೆ, ನಮ್ಮ ಕಲಾವಿದರು ಸರಿ ಮಾಡಿಕೊಳ್ಳುತ್ತಾರೆ.

ಇಂತಿ,
ಸಂಪಾದಕ