ಅಂತ್ಯಕಾಲದ ಡಾಕ್ಯುಮೆಂಟರಿಯಲ್ಲಿ ಅರ್ಥ ಹೇಳೋರು ಯಾರು?

ಪ್ರಶ್ನೆ: ನಮ್ಮ ಸಭೆಯ ಯುವಕರು ಸೇರಿ ಅಂತ್ಯಕಾಲದ ಪ್ರವಾದನೆ ಬಗ್ಗೆ ಡಾಕ್ಯುಮೆಂಟರಿ ಮಾಡುತ್ತಿದ್ದೇವೆ. ಬೈಬಲಿನ ಕಡೇ ಪುಸ್ತಕವಾದ ಪ್ರಕಟನೆಯೇ ಆಧಾರ. ಮೊದಲ ಎಡಿಟ್ ತೋರಿಸಿದಾಗ ಸಭೆಯ ಅಕ್ಕ ಒಬ್ಬರು "ಇದರಲ್ಲಿ ನಮ್ಮಂಥೋರು ಎಲ್ಲಿದ್ದೀವಿ?" ಅಂದರು. ಮಾತಾಡುವ ಐವರೂ ಪಾಸ್ಟರ್‌ಗಳು, ಗಂಡಸರು. ಉಳಿದ ದೃಶ್ಯಗಳಲ್ಲಿ ಜಾಸ್ತಿ ವಿದೇಶಿಯರೇ. ನಮ್ಮೂರಿನ ಕೆಲವು ಮುಖ ಸೇರಿಸಿದರೆ ಸಾಕಾ? ತೀರಾ ಬದಲಾಯಿಸಿದರೆ ಸಂದೇಶ ಸಡಿಲ ಆಗಲ್ವಾ?
ಓದುಗರೊಬ್ಬರು, ಮಂಡ್ಯ

ಉತ್ತರ: ಸಾಕಾಗಲ್ಲ. ಮದ್ದೂರು ಸಂತೆಯಲ್ಲೋ ಮೈಸೂರಿನ ಸಂತ ಫಿಲೋಮಿನಾ ಚರ್ಚ್ ಮುಂದೆಯೋ ನಾಲ್ಕು ಮುಖ ಹಿಡಿದು, ಹಿಂದೆ ಸಂಗೀತ ಹಾಕಿ ತೋರಿಸಿದರೆ ಅದು ಬರೀ ಅಲಂಕಾರ. ಇಂಥ ಚಿತ್ರಗಳಿಗೆ ಒಂದು ಹಳೇ ಚಾಳಿ ಇದೆ. ಕೂಲಿಗೆ ಹೋಗುವ ಹೆಂಗಸು, ದಲಿತ ಕೇರಿಯ ಅಜ್ಜ ಬಂದು ಕಷ್ಟ ಹೇಳಿ, ಕಣ್ಣೀರು ಹಾಕಿ ಹೋಗುತ್ತಾರೆ; ಅದರ ಅರ್ಥ ಏನು ಅಂತ ಹೇಳೋಕೆ ಮಾತ್ರ ಕೋಟು ಹಾಕಿದ ಪಾಸ್ಟರೇ ಬರಬೇಕು. ಮೊದಲು ಇದನ್ನು ಬದಲಾಯಿಸಿ. ಸಂಡೇ ಸ್ಕೂಲ್ ನಡೆಸುವ ಟೀಚರಮ್ಮನನ್ನು ಕೂರಿಸಿ ಪ್ರಕಟನೆಯಲ್ಲಿ ಒಂದೊಂದಾಗಿ ಒಡೆಯುವ ಏಳು ಮುದ್ರೆಗಳ ಬಗ್ಗೆಯೇ ಕೇಳಿ. ಕಡೇ ದಿನಗಳಲ್ಲಿ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಪ್ರವಾದಿಸುತ್ತಾರೆ ಅಂತ ಅಪೊಸ್ತಲರ ಕೃತ್ಯಗಳು 2:17ರಲ್ಲೇ ಇದೆಯಲ್ಲ, ಪಾಸ್ಟರ್‌ಗಳಿಗೂ ಬೇಡ ಅನ್ನೋಕೆ ಕಷ್ಟ.

ಪ್ರಕಟನೆಯೂ ನಿಮ್ಮ ಅಕ್ಕನ ಪರವೇ ಇದೆ. 7:9 ತೆಗೆದು ನೋಡಿ, ಸಿಂಹಾಸನದ ಮುಂದಿನ ಆ ದೊಡ್ಡ ಗುಂಪಿನಲ್ಲಿ ಎಲ್ಲ ಜನಾಂಗ, ಕುಲ, ಭಾಷೆಯವರೂ ನಿಂತಿದ್ದಾರೆ. ಪ್ರಕಟನೆ ಬರೆದ ಯೋಹಾನ ದರ್ಶನ ಕಂಡದ್ದು ಪತ್ಮೋಸ್ ದ್ವೀಪದಲ್ಲಿ, ಬರೆದದ್ದು ಎಫೆಸ, ಸ್ಮುರ್ನದಂಥ ಏಳು ಊರಿನ ಸಭೆಗಳಿಗೆ, ಆ ಏಳೂ ಇರುವುದು ಈಗಿನ ಟರ್ಕಿಯಲ್ಲಿ. ಸ್ಮುರ್ನದವರು ಬಡವರು ಅಂತ 2:9 ಹೇಳುತ್ತದೆ. ತಾವು ಶ್ರೀಮಂತರು ಅಂತ ಬೀಗುತ್ತಿದ್ದ ಲವೊದಿಕೀಯದವರಿಗೆ 3:17ರಲ್ಲಿ ಸರಿಯಾಗಿ ಬೈಗುಳ ಬಿದ್ದಿದೆ. ಹೀಗಿರುವಾಗ ಅಮೆರಿಕದ ಗಗನಚುಂಬಿ ಕಟ್ಟಡಗಳು ಕುಸಿಯೋ ದೃಶ್ಯ ಯಾಕೆ ಬೇಕು ಹೇಳಿ? ಹೊಂಬಣ್ಣದ ಕೂದಲು, ನೀಲಿ ಕಣ್ಣಿನ ಯೇಸುವಿನ ಕ್ಯಾಲೆಂಡರ್ ಚಿತ್ರವನ್ನೂ ತೆಗೆಯಿರಿ. 1:14-15ರಲ್ಲಿ ಕೂದಲು ಬಿಳಿ ಉಣ್ಣೆಯ ಹಾಗೆ, ಪಾದ ಕುಲುಮೆಯಲ್ಲಿ ಕಾಸಿದ ತಾಮ್ರದ ಹಾಗೆ ಅಂತ ಇದೆ.

ನನಗೆ ಇದಕ್ಕಿಂತ ಹೆಚ್ಚು ಆತಂಕ ಇನ್ನೊಂದು ಕಡೆ. ಪ್ರಕಟನೆಯ ಕೇಡಿನ ಮೃಗ, ಅದರ ಸಂಖ್ಯೆ 666, ಮಹಾಯುದ್ಧ ಅಂತ ಹಿನ್ನೆಲೆ ದನಿ ಬರುವಾಗ ಪರದೆ ಮೇಲೆ ಯಾರಿದ್ದಾರೆ? ಅಲ್ಲಿ ಬುರ್ಖಾ, ಮಸೀದಿ ಕಂಡರೆ ಒಂದು ಮಾತೂ ಆಡದೆ ಪಕ್ಕದ ಬೀದಿಯವರನ್ನು ಖಳರನ್ನಾಗಿ ಮಾಡಿದಿರಿ ಅಂತಲೇ ಲೆಕ್ಕ. ಕಡೇ ಕಾಲದಲ್ಲಿ ಈಸಾ, ಅಂದರೆ ಯೇಸು, ಮರಳಿ ಬರುತ್ತಾರೆ ಅನ್ನೋ ನಂಬಿಕೆ ಮುಸ್ಲಿಮರಲ್ಲೂ ಇದೆ, ಎಷ್ಟು ಜನಕ್ಕೆ ಗೊತ್ತು? ತಮಗಾಗದವರ ಮುಖವನ್ನು ಮೃಗಕ್ಕೆ ಅಂಟಿಸೋದು ಹಳೇ ಅಭ್ಯಾಸ, 16ನೇ ಶತಮಾನದ ಪ್ರೊಟೆಸ್ಟೆಂಟರು ಪೋಪ್ ಅವರನ್ನೇ ಕ್ರಿಸ್ತವಿರೋಧಿ ಅಂದಿದ್ದರು. ಇನ್ನು ನಿಮ್ಮ ಜಿಲ್ಲೆಗೆ ಕಾಲಜ್ಞಾನ ಹೊಸದೇನಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಪರಂಪರೆ, ತಂಬೂರಿ ಹಿಡಿದು ಹಾಡುವ ನೀಲಗಾರರು ಮನೆಮನೆಗೂ ಗೊತ್ತು. ಅವರ ಜಾತ್ರೆಯ ದೃಶ್ಯ ತಂದು 'ಸುಳ್ಳು ಪ್ರವಾದಿಗಳು' ಅನ್ನೋ ಮಾತಿಗೆ ಜೋಡಿಸಬೇಡಿ, ದಯವಿಟ್ಟು.

ಸಂದೇಶ ಸಡಿಲ ಆಗುತ್ತದೆ ಅನ್ನೋ ಭಯ ಬಿಡಿ. ಒಂದೇ ಅಭಿಪ್ರಾಯದ ಐದು ಜನ ಮಾತಾಡಿದರೆ ಒಬ್ಬರೇ ಐದು ಸಲ ಮಾತಾಡಿದ ಹಾಗೆ. ಪ್ರಕಟನೆಯಲ್ಲಿರೋದು ಮುಂದೆ ನಡೆಯೋದು ಅನ್ನೋ ಕ್ರೈಸ್ತರಿದ್ದಾರೆ, ಬಹಳಷ್ಟು ರೋಮನ್ನರ ಕಾಲದಲ್ಲೇ ಮುಗಿಯಿತು ಅನ್ನೋರಿದ್ದಾರೆ, ಎಲ್ಲವೂ ಸಂಕೇತ ಅನ್ನೋರೂ ಇದ್ದಾರೆ. ನಿಮ್ಮ ಸಭೆ ಯಾವುದನ್ನು ನಂಬುತ್ತದೆ ಅಂತ ಧೈರ್ಯವಾಗಿ ಹೇಳಿ, ಆದರೆ ಒಪ್ಪದ ಒಬ್ಬರಿಗಾದರೂ ಜಾಗ ಕೊಡಿ. ಅಮೆರಿಕದ ವಿಲಿಯಂ ಮಿಲ್ಲರ್ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತ ಬರುತ್ತಾನೆ ಅಂತ ಕಾದು ನಿರಾಶರಾದರು. ಅದನ್ನು ಚಿತ್ರದೊಳಗೇ ಯಾರಾದರೂ ಎತ್ತಿದರೆ ಅನುಮಾನದಿಂದ ಬಂದವರೂ ಕೂತು ನೋಡುತ್ತಾರೆ.

ಕೆಲಸದ ಮಾತು ಒಂದೆರಡು. ತಮಿಳು, ತೆಲುಗು ಆಡುವವರಿಗೆ ಸಬ್‌ಟೈಟಲ್ ಹಾಕಿ, ಡಬ್ ಮಾಡಬೇಡಿ. ಹಳ್ಳಿ ಮಾತನ್ನು ತಿದ್ದಬೇಡಿ. ಪಾಸ್ಟರ್‌ಗೆ ಹೆಸರು, ಕೆಲಸ ಹಾಕಿದಷ್ಟೇ ದೊಡ್ಡ ಅಕ್ಷರದಲ್ಲಿ ಎಲ್ಲರಿಗೂ ಹಾಕಿ. ಎಡಿಟ್ ಮುಗಿದ ಮೇಲೆ ಅವರವರ ಭಾಗ ಅವರವರಿಗೆ ತೋರಿಸಿ, ಬೇಡ ಅಂದರೆ ತೆಗೆಯಿರಿ.