ಡಿಸ್ರಪ್ಷನ್, ಅಪ್‌ಹೀವಲ್, ಟರ್ಮಾಯಿಲ್: ಯಾವುದನ್ನು ಎಲ್ಲಿ ಬಳಸಬೇಕು?

ಈ ಮೂರು ಇಂಗ್ಲಿಷ್ ಪದಗಳಿಗೂ ನಿಘಂಟಿನಲ್ಲಿ ‘ಕ್ಷೋಭೆ, ಅಲ್ಲೋಲಕಲ್ಲೋಲ’ ಅಂತಲೇ ಇದೆ, ಒಂದರ ಜಾಗದಲ್ಲಿ ಇನ್ನೊಂದು ಬರೆದರೆ ನಡೆಯುತ್ತಾ ಅಂತ ಕೇಳಿದ್ದೀರಿ. ಹೆಚ್ಚಿನ ಕಡೆ ನಡೆಯಲ್ಲ. ಗಲಾಟೆ ಎಷ್ಟು ದೊಡ್ಡದು ಅಂತ ಅಳೆದು ಪದ ಆರಿಸಲು ಹೋದರೆ ಎಡವುತ್ತೀರಿ. ಕೆಟ್ಟದ್ದು ಏನು ಅಂತ ನೋಡಿ: ಹರಿವು ತುಂಡಾಯಿತೋ, ನೆಲವೇ ಮಗುಚಿತೋ, ನೀರು ಕದಡಿತೋ?

ಮಳೆಗಾಲದಲ್ಲಿ ಎಡಕುಮರಿ ಹತ್ತಿರ ಹಳಿ ಮೇಲೆ ಗುಡ್ಡ ಕುಸಿದು ಬೆಂಗಳೂರು–ಮಂಗಳೂರು ರೈಲು ರದ್ದಾದರೆ ಅದು ಡಿಸ್ರಪ್ಷನ್. ಮಣ್ಣು ತೆಗೆದ ಮೇಲೆ ಅದೇ ರೈಲು ಅದೇ ಹಳಿಯಲ್ಲಿ ಓಡುತ್ತೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಮನೆ, ತೋಟ ಎರಡನ್ನೂ ಕಳೆದುಕೊಂಡವರ ಬದುಕಿಗೆ ಆದದ್ದು ಅಪ್‌ಹೀವಲ್. ಅಲ್ಲಿ ಮೊದಲಿನ ಸ್ಥಿತಿ ಅನ್ನುವುದೇ ಉಳಿಯಲಿಲ್ಲ. ಎರಡೂ ಕಡೆ ಕುಸಿದದ್ದು ಗುಡ್ಡವೇ, ಪದ ಮಾತ್ರ ಬೇರೆ.

ಮೂಲದಲ್ಲೇ ಈ ವ್ಯತ್ಯಾಸ ಇದೆ. ಡಿಸ್ರಪ್ಟ್ ಪದದ ಹಿಂದಿರುವುದು ‘ಮುರಿ’ ಎನ್ನುವ ಅರ್ಥದ ಲ್ಯಾಟಿನ್ ಧಾತು; ಇಂಟರಪ್ಟ್, ಅಬ್ರಪ್ಟ್, ರಪ್ಚರ್ ಎಲ್ಲ ಇದರ ದಾಯಾದಿಗಳು. ಹೀವ್ ಅಂದರೆ ಏದುಸಿರು ಬಿಟ್ಟು ಎತ್ತುವುದು. 19ನೇ ಶತಮಾನದ ಭೂವಿಜ್ಞಾನಿಗಳು ನೆಲದ ಪದರ ಒಳಗಿಂದ ಎದ್ದು ಬರುವುದನ್ನು ಅಪ್‌ಹೀವಲ್ ಅನ್ನುತ್ತಿದ್ದರು. ಕನ್ನಡದಲ್ಲಿ ಇದಕ್ಕೆ ಸರಿಹೊಂದುವುದು ‘ಪಲ್ಲಟ’ ಅಥವಾ ‘ಬುಡಮೇಲು’. ‘ಕೋಲಾಹಲ’ ಬೇಡ, ಅದರಲ್ಲಿ ಸದ್ದು ಇದೆ. ಅದು ಅಪ್‌ರೋರ್‌ಗೆ ಒಗ್ಗುತ್ತೆ. ಟರ್ಮಾಯಿಲ್ ಒಂದು ಹೊಡೆತಕ್ಕೆ ಮುಗಿಯುವ ಘಟನೆ ಅಲ್ಲ, ಕದಡಿಕೊಂಡೇ ಇರುವ ಸ್ಥಿತಿ. ಅದಕ್ಕೇ ‘ಇನ್ ಟರ್ಮಾಯಿಲ್’ ಅನ್ನುವ ಬಳಕೆ. ಬಹುವಚನ ಹಚ್ಚಿ ‘ಮೆನಿ ಟರ್ಮಾಯಿಲ್ಸ್’ ಅಂತ ಬರೆದರೆ ಕಿವಿಗೆ ಕಚ್ಚುತ್ತೆ. ಅಪ್‌ಹೀವಲ್‌ಗೆ ಈ ತಕರಾರಿಲ್ಲ, ‘ಆ್ಯನ್ ಅಪ್‌ಹೀವಲ್’ ಅಂತ ಒಂದು ಎರಡು ಎಣಿಸಬಹುದು. ಡಿಸ್ರಪ್ಷನ್ ಯಾವುದಕ್ಕೆ ಆಯಿತು ಅಂತ ಹೇಳುವಾಗ ‘ಟು’ ಹಾಕಿ: ‘ಡಿಸ್ರಪ್ಷನ್ ಟು ಟ್ರೇನ್ ಸರ್ವಿಸಸ್’.

ವ್ಯಾಪಾರದ ಭಾಷೆಯಲ್ಲಿ ಡಿಸ್ರಪ್ಷನ್ ಹೊಗಳಿಕೆಯಾಗಿಬಿಟ್ಟಿದೆ. 1995ರಲ್ಲಿ ಹಾರ್ವರ್ಡ್‌ನ ಜೋಸೆಫ್ ಬೋವರ್ ಮತ್ತು ಕ್ಲೇಟನ್ ಕ್ರಿಸ್ಟೆನ್ಸನ್ ‘ಡಿಸ್ರಪ್ಟಿವ್ ಟೆಕ್ನಾಲಜಿ’ ಬಗ್ಗೆ ಬರೆದಾಗ ಅದಕ್ಕೆ ಬಿಗಿಯಾದ ಅರ್ಥ ಇತ್ತು: ಮೊದಮೊದಲು ಕಳಪೆ ಅನ್ನಿಸುವ, ಅಗ್ಗದ ಅಥವಾ ಸರಳವಾದ ಮಾಲು ಕೆಳಗಿಂದ ಬಂದು ದೊಡ್ಡವರ ಮಾರುಕಟ್ಟೆಯನ್ನು ನುಂಗುವುದು. ಈಗ ಹೊಸ ಆ್ಯಪ್ ಬಿಟ್ಟವರೆಲ್ಲ ಡಿಸ್ರಪ್ಟರ್‌ಗಳೇ. ಇದನ್ನು ‘ವಿಚ್ಛಿದ್ರಕಾರಿ’ ಅಂತ ಕನ್ನಡಿಸಬೇಡಿ, ಪೊಲೀಸರು ಬಂದಾರು.

ಇನ್ನು ನುಡಿಗಟ್ಟುಗಳು. ‘ಬೋಲ್ಟ್ ಫ್ರಮ್ ದ ಬ್ಲೂ’ದಲ್ಲಿರುವ ಬೋಲ್ಟ್ ನಟ್ಟು-ಬೋಲ್ಟಿನದ್ದಲ್ಲ, ಸಿಡಿಲು, ಬ್ಲೂ ಅಂದರೆ ಮೋಡವಿಲ್ಲದ ಆಕಾಶ. ನಮ್ಮ ‘ಬರಸಿಡಿಲು’ ಇದರ ಪಡಿಯಚ್ಚು. ಬರೀ ‘ಔಟ್ ಆಫ್ ದ ಬ್ಲೂ’ ಅಂದರೆ ಅಷ್ಟು ಪೆಟ್ಟಿಲ್ಲ. ಹಳೆಯ ಗೆಳೆಯ ಇದ್ದಕ್ಕಿದ್ದಂತೆ ಫೋನ್ ಮಾಡಿದರೂ ಅದೇ ಮಾತು.

‘ಪುಲ್ ದ ರಗ್ ಔಟ್ ಫ್ರಮ್ ಅಂಡರ್ ಸಮ್‌ವನ್’ (ಇದ್ದಕ್ಕಿದ್ದಂತೆ ಆಸರೆ ಕಿತ್ತುಕೊಳ್ಳುವುದು) ಅನ್ನಬೇಕಾದರೆ ಕಾಲಡಿಯ ಜಮಖಾನೆ ಎಳೆದವರು ಯಾರಾದರೂ ಇರಲೇಬೇಕು. ಭೂಕಂಪಕ್ಕೆ ಇದನ್ನು ಹೇಳುವುದಿಲ್ಲ. 2016ರ ನವೆಂಬರ್ 8ರ ರಾತ್ರಿ 8 ಗಂಟೆಗೆ 500, 1000ದ ನೋಟು ರದ್ದು ಅಂತ ಘೋಷಿಸಿದ್ದನ್ನೇ ತೆಗೆದುಕೊಳ್ಳಿ. ಆ ಘೋಷಣೆ ಬೋಲ್ಟ್ ಫ್ರಮ್ ದ ಬ್ಲೂ. ನಗದನ್ನೇ ನಂಬಿದ್ದ ಸಣ್ಣ ವ್ಯಾಪಾರಿಯ ಕಡೆಯಿಂದ ನೋಡಿದರೆ ರಗ್ ಎಳೆದದ್ದು. ಎಟಿಎಂ ಮುಂದೆ ವಾರಗಟ್ಟಲೆ ಸಾಲು ನಿಂತದ್ದು ಡಿಸ್ರಪ್ಷನ್. ಅಪ್‌ಹೀವಲ್ ಆಯಿತೇ ಅನ್ನುವುದಕ್ಕೆ ನಿಮ್ಮ ರಾಜಕೀಯವೇ ಉತ್ತರ ಕೊಡುತ್ತೆ.

‘ಥ್ರೋ ಎ ಸ್ಪ್ಯಾನರ್ ಇನ್ ದ ವರ್ಕ್ಸ್’ ನಡೆಯುತ್ತಿರುವ ಯೋಜನೆಗೆ ಕಲ್ಲು ಹಾಕುವುದು. ವರ್ಕ್ಸ್ ಅಂದರೆ ಯಂತ್ರದ ಒಳಗಿನ ಭಾಗಗಳು. ಅಮೆರಿಕದವರು ಸ್ಪ್ಯಾನರ್ ಬದಲು ಮಂಕಿ ರೆಂಚ್ ಎಸೆಯುತ್ತಾರೆ. ‘ಅಪ್‌ಸೆಟ್’ ನಾಮಪದವಾದಾಗ ಒತ್ತು ‘ಅಪ್’ ಮೇಲೆ. ಆಟದ ಸುದ್ದಿಯಲ್ಲಿ ಅದಕ್ಕೂ ಬೇಜಾರಿಗೂ ಸಂಬಂಧವಿಲ್ಲ, ದುರ್ಬಲ ಅನ್ನಿಸಿಕೊಂಡ ತಂಡ ಗೆಲ್ಲುವುದಷ್ಟೇ. 1983ರ ವಿಶ್ವಕಪ್ ಫೈನಲ್‌ನಲ್ಲಿ 183 ರನ್ ಮಾಡಿದ ಭಾರತ, ವೆಸ್ಟ್ ಇಂಡೀಸನ್ನು 140ಕ್ಕೆ ಕಟ್ಟಿಹಾಕಿದ್ದು ಒಂದು ಅಪ್‌ಸೆಟ್.

ಭಾರಿ ಹಾನಿ ಅನ್ನುವ ಅರ್ಥದ ‘ಹ್ಯಾವಕ್’ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಉಚ್ಚಾರದಲ್ಲಿ ಹೆಚ್ಚು ಜಾರುವುದು ಅಲ್ಲೇ. ಒಂದು ಕಾಲದಲ್ಲಿ ಅದು ಸೈನಿಕರಿಗೆ ‘ಲೂಟಿ ಮಾಡಿ’ ಅಂತ ಕೊಡುವ ಕೂಗು. ಅದರ ಜೊತೆ ಬರುವ ಕ್ರಿಯಾಪದ ‘ರೀಕ್’, ‘ರೆಕ್’ ಅಲ್ಲ. ಬರೆಯುವಾಗ ಮುಂದೆ ಒಂದು ಡಬ್ಲ್ಯೂ ಇರುತ್ತೆ, ಓದುವಾಗ ಇರಲ್ಲ. ಭೂತಕಾಲ ‘ರೀಕ್ಡ್’. ಹಾಗೇ ಅವ್ಯವಸ್ಥೆಗೆ ಕೇಆಸ್ ಅನ್ನಿ, ‘ಚಾವೋಸ್’ ಅನ್ನಬೇಡಿ.